ದೇವರನ್ನು ‘ಅವ್ವಾ’ ಎಂದು ಕರೆಯಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಾರ್ಥನೆಯ ಕುರಿತು ಪ್ರಶ್ನೆಗಳನ್ನು ಆಹ್ವಾನಿಸಿದ್ದಕ್ಕೆ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ದೇವರನ್ನು ಒಬ್ಬೊಬ್ಬರು ತಮ್ಮ ಬದುಕಿನಲ್ಲಿ ಕಂಡ ಬಗೆಗೂ ಸಭೆಯಲ್ಲಿ ಎಲ್ಲರೂ ಕೂಡಿ ಆಡುವ ಮಾತಿಗೂ ಹೊಂದಿಕೆ ಹೇಗೆ, ದೇವರಿಗೆ ‘ತಂದೆ’ ಎಂಬುದೊಂದೇ ಹೆಸರೇ, ಸಭೆಯ ಭಾಷೆಯಲ್ಲಿ ಹೆಣ್ಣುಮಕ್ಕಳಿಗೆ ಸ್ಥಳವೆಲ್ಲಿ ಎಂದು ಅವರು ಕೇಳಿದ್ದಾರೆ. ಆಯ್ದ ಪತ್ರಗಳನ್ನು ಹೆಸರು ಬಿಟ್ಟು, ಊರನ್ನು ಮಾತ್ರ ಉಳಿಸಿ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ನಾನು ಮೆಥೋಡಿಸ್ಟ್ ಸಭೆಯವಳು. ನಮ್ಮ ಅವ್ವ ತೀರಿಕೊಂಡ ಮೇಲೆ ಒಂದು ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ಯಾರೋ ಬೆನ್ನ ಮೇಲೆ ಕೈಯಿಟ್ಟಂತೆ ಅನಿಸಿತು. ‘ತಂದೆಯೇ’ ಎನ್ನಲು ಹೊರಟ ಬಾಯಲ್ಲಿ ‘ಅವ್ವಾ’ ಎಂದು ಬಂತು. ಅಂದಿನಿಂದ ಒಬ್ಬಳೇ ಇದ್ದಾಗ ಹಾಗೆಯೇ ಪ್ರಾರ್ಥಿಸುತ್ತೇನೆ. ಮಹಿಳಾ ಸಂಘದ ಕೂಟದಲ್ಲಿ ಇದನ್ನು ಸಾಕ್ಷಿಯಾಗಿ ಹೇಳಿದೆ. ಸುದ್ದಿ ತಿಳಿದ ಹಿರಿಯರೊಬ್ಬರು, ‘ನಮ್ಮ ಮುತ್ಯಾಂದಿರು ಮರಗಮ್ಮನನ್ನು ಬಿಟ್ಟು ಬಂದದ್ದು ನೀನು ಮತ್ತೆ ಅವ್ವಾ ಎಂದು ಕೂಗಲಿ ಅಂತೇನು?’ ಎಂದು ಕೇಳಿದರು. ನಾನು ಮಾಡುತ್ತಿರುವುದು ತಪ್ಪೇ?
— ಓದುಗಿ, ಹುಮನಾಬಾದ್ ತಾಲ್ಲೂಕು

ಉತ್ತರ: ತಪ್ಪಲ್ಲ, ತಾಯಿ. ಆದರೆ ಆ ಹಿರಿಯರ ಮಾತನ್ನು ಬರೀ ಗದರಿಕೆಯೆಂದು ತಳ್ಳಿಹಾಕಬೇಡಿ; ಅದರಲ್ಲಿ ನಮ್ಮ ಸೀಮೆಯ ಕ್ರೈಸ್ತರ ಇತಿಹಾಸವಿದೆ. ನಮ್ಮ ಹಳ್ಳಿಗಳಲ್ಲಿ ‘ಅವ್ವ’, ‘ಅಮ್ಮ’, ‘ತಾಯಿ’ ಎಂಬ ಕರೆಗಳು ಮರಗಮ್ಮ, ಎಲ್ಲಮ್ಮ, ದುರ್ಗಮ್ಮರಿಗೆ ಸೇರಿದವು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಯ ಹೆಸರಿಗೆ ಬಿಡುವ ಪದ್ಧತಿಯನ್ನು ಕಣ್ಣಾರೆ ಕಂಡ ಕುಟುಂಬಗಳಿಗೆ ಆ ಕರೆಯನ್ನು ಬಿಡುವುದೆಂದರೆ ಮಗಳನ್ನು ಉಳಿಸಿಕೊಳ್ಳುವುದೂ ಆಗಿತ್ತು. ಹಾಗೆ ಬಿಟ್ಟು ಬಂದವರ ಮೊಮ್ಮಕ್ಕಳು ಪ್ರಾರ್ಥನೆಯಲ್ಲಿ ‘ಅವ್ವಾ’ ಎಂಬ ಮಾತು ಕೇಳಿ ಬೆಚ್ಚಿದರೆ ಅದು ಹೆಣ್ಣಿನ ಮೇಲಿನ ತಿರಸ್ಕಾರವೇ ಆಗಬೇಕೆಂದಿಲ್ಲ.

ಇದೇ ಭಯ ಇಸ್ರಾಯೇಲರಿಗೂ ಇತ್ತು. ಅವರ ಸುತ್ತಲೂ ಅಶೇರ ದೇವಿಯ ಸ್ತಂಭಗಳಿದ್ದವು. ‘ಗಗನದ ಒಡತಿ’ಗೆ ಧೂಪ ಹಾಕುವುದನ್ನು ಬಿಟ್ಟ ಮೇಲೆಯೇ ನಮಗೆ ಕೇಡು ಬಂದದ್ದು ಎಂದು ಜನರು ಯೆರೆಮೀಯನೊಂದಿಗೆ ವಾದಿಸಿದ್ದು ಅವನ ಗ್ರಂಥದ 44ನೆಯ ಅಧ್ಯಾಯದಲ್ಲಿದೆ. ಅಂಥ ನೆಲದಲ್ಲಿ ನಿಂತ ಪ್ರವಾದಿಗಳು ದೇವರ ವಿಷಯದಲ್ಲಿ ತಾಯಿಯ ಮಾತೇ ಬರದಂತೆ ಎಚ್ಚರ ವಹಿಸಬಹುದಿತ್ತು, ಆದರೆ ಅವರು ಹಾಗೆ ಮಾಡಲಿಲ್ಲ. ಯೆಶಾಯನ ಗ್ರಂಥದಲ್ಲಿ ದೇವರು ಹೆರಿಗೆಯ ಬೇನೆ ತಿನ್ನುವವಳಂತೆ ಕೂಗುತ್ತೇನೆ ಎನ್ನುತ್ತಾರೆ (42:14). ಹೆತ್ತವಳು ಮೊಲೆಗೂಸನ್ನು ಮರೆತರೂ ನಾನು ನಿನ್ನನ್ನು ಮರೆಯೆನು ಎನ್ನುತ್ತಾರೆ (49:15). ತಾಯಿ ಸಂತೈಸುವಂತೆ ನಿಮ್ಮನ್ನು ಸಂತೈಸುವೆನು ಎನ್ನುತ್ತಾರೆ (66:13). ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದ ಹಾಡು, ನಿನ್ನನ್ನು ಹೆತ್ತ ದೇವರನ್ನು ನೀನು ಮರೆತೆ ಎಂದು ಜನರನ್ನು ಗದರುತ್ತದೆ. ಯೇಸುಸ್ವಾಮಿ ಯೆರೂಸಲೇಮನ್ನು ಕುರಿತು ಮರುಗುವಾಗ ತಮ್ಮನ್ನು ಮರಿಗಳನ್ನು ರೆಕ್ಕೆಯೊಳಗೆ ಕೂಡಿಸಿಕೊಳ್ಳುವ ಹೇಂಟೆಗೆ ಹೋಲಿಸಿಕೊಂಡರು (ಮತ್ತಾಯ 23:37). ಲೂಕನ 15ನೆಯ ಅಧ್ಯಾಯದಲ್ಲಿ ಕಳೆದುಹೋದದ್ದನ್ನು ಹುಡುಕುವ ದೇವರಿಗೆ ಮೂರು ಸಾಮ್ಯಗಳಿವೆ: ಕುರುಬ, ತಂದೆ, ಇವರಿಬ್ಬರ ನಡುವೆ ದೀಪ ಹಚ್ಚಿ ಮನೆ ಗುಡಿಸಿ ನಾಣ್ಯ ಹುಡುಕುವ ಹೆಂಗಸು. ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ಚಿತ್ರ ನಮ್ಮಲ್ಲಿ ಮನೆಮನೆಯ ಕ್ಯಾಲೆಂಡರಿನಲ್ಲಿದೆ; ಕಸಬರಿಗೆ ಹಿಡಿದ ಆ ಹೆಂಗಸಿನ ಚಿತ್ರವನ್ನು ಗೋಡೆಗೆ ತೂಗುಹಾಕಿದ ಮನೆಯನ್ನು ನಾನಂತೂ ಕಂಡಿಲ್ಲ.

ಆದರೂ ಪ್ರಾಮಾಣಿಕವಾಗಿ ಒಂದು ವ್ಯತ್ಯಾಸವನ್ನು ಒಪ್ಪಬೇಕು. ಈ ವಚನಗಳಲ್ಲಿ ಹೆಚ್ಚಿನವು ಹೋಲಿಕೆಗಳು. ದೇವರನ್ನು ನೇರವಾಗಿ ‘ತಾಯಿಯೇ’ ಎಂದು ಕರೆದ ಪ್ರಾರ್ಥನೆ ಸತ್ಯವೇದದಲ್ಲಿ ಇಲ್ಲ. ‘ತಂದೆಯೇ’ ಎಂದು ಕರೆದದ್ದು ಇದೆ. ಆದ್ದರಿಂದ ‘ಅವ್ವಾ’ ಎಂಬ ಕರೆ ಸತ್ಯವೇದದ ಆಜ್ಞೆಯೂ ಅಲ್ಲ, ಅದಕ್ಕೆ ವಿರುದ್ಧವೂ ಅಲ್ಲ. ತಾಯಿಯಂತೆ ಸಂತೈಸುವೆನು ಎಂದು ಹೇಳಿದವರು ಹೇಳಿದಂತೆಯೇ ನಡೆದುಕೊಂಡಾಗ, ಸಂತೈಸಿಕೊಂಡ ಮಗು ಓಗೊಟ್ಟ ರೀತಿ ಅದು ಎಂದು ನಾನು ತಿಳಿಯುತ್ತೇನೆ. ಹಾಲು ಬಿಟ್ಟ ಕೂಸು ತಾಯಿಯ ಬಳಿ ಸುಮ್ಮನಿರುವಂತೆ ನನ್ನ ಪ್ರಾಣ ಸುಮ್ಮನಿದೆ ಎಂದು 131ನೆಯ ಕೀರ್ತನೆ ಹಾಡುವುದು ಹೆಚ್ಚುಕಡಿಮೆ ನೀವಿರುವ ಸ್ಥಿತಿಯಲ್ಲೇ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಅನುಕೂಲವಿದೆ. ಕನ್ನಡದಲ್ಲಿ ‘ನೀನು ಬಂದೆ’, ‘ನೀನು ಎತ್ತಿಕೊಂಡೆ’ ಎನ್ನುವಾಗ ಎದುರಿಗಿರುವುದು ಗಂಡೋ ಹೆಣ್ಣೋ ಎಂಬುದು ಕ್ರಿಯಾಪದದಲ್ಲಿ ಬರುವುದೇ ಇಲ್ಲ. ‘ಬಂದನು’, ‘ಬಂದಳು’ ಎಂಬ ಭೇದ ಹುಟ್ಟುವುದು ಇನ್ನೊಬ್ಬರಿಗೆ ಅವರ ವಿಷಯ ಹೇಳುವಾಗ ಮಾತ್ರ. ಪ್ರಾರ್ಥನೆಯೆಂದರೆ ದೇವರೊಂದಿಗೆ ಆಡುವ ಮಾತು, ಬೋಧನೆಯೆಂದರೆ ದೇವರ ಕುರಿತು ಆಡುವ ಮಾತು. ಇವೆರಡನ್ನೂ ಬೆರೆಸಿದ್ದರಿಂದಲೇ ನಿಮ್ಮ ಕೂಟದಲ್ಲಿ ಗೊಂದಲವಾಗಿರಬೇಕು. ನಿಮಗೆ ಆದದ್ದನ್ನು ನೀವು ಸಾಕ್ಷಿಯಾಗಿ ಹೇಳಿದಿರಿ. ಹಿರಿಯರು ಅದನ್ನು ಹೊಸ ಬೋಧನೆಯೆಂದು ಕೇಳಿಸಿಕೊಂಡರು. ಸಾಕ್ಷಿಯನ್ನು ಸಭೆ ಕೇಳಿ ಪರೀಕ್ಷಿಸಬಹುದು, ಆದರೆ ಆದದ್ದು ಆಗಲೇ ಇಲ್ಲ ಎನ್ನಲು ಬಾರದು. ಹಾಗೆಯೇ ನನಗೆ ಹೀಗಾಯಿತು ಎಂದು ಎಲ್ಲರೂ ಹೀಗೆಯೇ ಪ್ರಾರ್ಥಿಸಬೇಕೆಂದು ವಿಧಿಸುವ ಅಧಿಕಾರ ಸಾಕ್ಷಿ ಹೇಳಿದವರಿಗೂ ಇಲ್ಲ.

ತಾಯಿಯನ್ನು ಕಳೆದುಕೊಂಡ ದುಃಖವೇ ಇದನ್ನೆಲ್ಲ ಹುಟ್ಟಿಸಿದೆ ಎಂದು ಯಾರಾದರೂ ಹೇಳಬಹುದು. ದುಃಖದಲ್ಲಿ ಹುಟ್ಟಿತೆಂಬ ಕಾರಣಕ್ಕೆ ಅನುಭವ ಸುಳ್ಳಾಗುವುದಿಲ್ಲ. ಹಾಗಿದ್ದರೆ ಕೀರ್ತನೆಗಳಲ್ಲಿ ಅರ್ಧದಷ್ಟನ್ನು ಕಿತ್ತುಹಾಕಬೇಕಾಗುತ್ತದೆ. ಆದರೆ ನೀವು ಕರೆಯುತ್ತಿರುವುದು ತೀರಿಹೋದ ನಿಮ್ಮ ಅವ್ವನನ್ನಲ್ಲ, ನಿಮ್ಮನ್ನೂ ನಿಮ್ಮ ಅವ್ವನನ್ನೂ ಉಂಟುಮಾಡಿದವರನ್ನು ಎಂಬುದು ಮನಸ್ಸಿನಲ್ಲಿ ಸ್ಪಷ್ಟವಿರಲಿ. ಆ ಹಿರಿಯರ ಮನೆಗೆ ಒಮ್ಮೆ ಹೋಗಿ, ಯೆಶಾಯನ ಆ ಮೂರು ವಚನಗಳನ್ನು ಅವರ ಕೈಯಿಂದಲೇ ಓದಿಸಿ. ವಾದಕ್ಕೆ ಇಳಿಯಬೇಡಿ. ಅವರ ಮುತ್ಯಾ ಏನನ್ನು ಬಿಟ್ಟು ಬಂದರು ಎಂಬುದನ್ನು ಅವರು ಹೇಳಲಿ, ನೀವು ಕೇಳಿ.

ಪ್ರಶ್ನೆ: ಯೇಸುಸ್ವಾಮಿಯೇ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಕಲಿಸಿರುವಾಗ ಅದನ್ನು ತಿದ್ದಲು ನಾವು ಯಾರು? ದೇವರಿಗೆ ತಾಯಿ ಎನ್ನುವುದು ವಿದೇಶಗಳಿಂದ ಈಚೆಗೆ ಬಂದ ಫ್ಯಾಷನ್ ಅಲ್ಲವೇ?
— ನಿವೃತ್ತ ಶಿಕ್ಷಕರು, ಭಾಲ್ಕಿ

ಉತ್ತರ: ನಿಮ್ಮ ಮೊದಲ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕರ್ತನ ಪ್ರಾರ್ಥನೆಯನ್ನು ತಿದ್ದಬೇಕಾಗಿಲ್ಲ. ಹಳೇ ಒಡಂಬಡಿಕೆಯಲ್ಲಿ ದೇವರನ್ನು ತಂದೆ ಎನ್ನುವ ಸ್ಥಳಗಳು ಕೆಲವೇ ಇದ್ದರೆ ಯೋಹಾನನ ಸುವಾರ್ತೆಯೊಂದರಲ್ಲೇ ನೂರಕ್ಕೂ ಹೆಚ್ಚಿವೆ. ಯೇಸುವಿನ ಬಾಯಲ್ಲಿ ಆ ಹೆಸರಿಗೆ ಹೊಸ ಜೀವ ಬಂದಿತೆಂಬುದರಲ್ಲಿ ಸಂಶಯವಿಲ್ಲ. ಗೆತ್ಸೇಮನೆ ತೋಟದಲ್ಲಿ ಅವರು ‘ಅಬ್ಬಾ’ ಎಂದು ಕರೆದದ್ದನ್ನು ಮಾರ್ಕನು ಅರಾಮಿಕ್ ಮಾತಿನಲ್ಲಿಯೇ ಉಳಿಸಿಕೊಟ್ಟಿದ್ದಾನೆ. ಅದನ್ನು ಕೈಬಿಟ್ಟರೆ ನಷ್ಟ ನಮಗೇ. ಆದರೆ ಅವರು ‘ತಂದೆ’ ಎಂದದ್ದು ದೇವರು ಗಂಡಸು ಎಂದು ತಿಳಿಸುವುದಕ್ಕಲ್ಲ. ಸಮಾರ್ಯದ ಹೆಂಗಸಿಗೆ ದೇವರು ಆತ್ಮಸ್ವರೂಪರೆಂದು ಹೇಳಿದವರೂ ಅವರೇ (ಯೋಹಾನ 4:24). ಮನುಷ್ಯರನ್ನು ತಮ್ಮ ಸ್ವರೂಪದಲ್ಲಿ ಗಂಡುಹೆಣ್ಣಾಗಿ ಉಂಟುಮಾಡಿದರೆಂದು ಆದಿಕಾಂಡದ ಮೊದಲ ಅಧ್ಯಾಯ ಹೇಳುವಾಗ ಆ ಸ್ವರೂಪ ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಕಡಿಮೆ ಎಂಬ ಸೂಚನೆ ಅಲ್ಲಿಲ್ಲ. ನಾನು ದೇವರು, ಮನುಷ್ಯನಲ್ಲ ಎಂದು ಹೋಶೇಯನ 11ನೆಯ ಅಧ್ಯಾಯದಲ್ಲಿ ದೇವರು ಹೇಳುವಾಗ ಹೀಬ್ರೂ ಮೂಲದಲ್ಲಿರುವುದು ಗಂಡಸು ಎಂಬ ಅರ್ಥವೂ ಇರುವ ಪದ.

ಎರಡನೆಯ ಮಾತು ಅರ್ಧ ಮಾತ್ರ ಸರಿ. 1983ರಲ್ಲಿ ಅಮೆರಿಕದ ಚರ್ಚುಗಳ ರಾಷ್ಟ್ರೀಯ ಪರಿಷತ್ತು ಹೊರತಂದ ಆರಾಧನಾ ಪಾಠಗಳಲ್ಲಿ ‘ತಂದೆ’ಯ ಪಕ್ಕದಲ್ಲಿ ‘ತಾಯಿ’ ಎಂದೂ ಸೇರಿಸಿದಾಗ ದೊಡ್ಡ ವಿವಾದವೇ ಎದ್ದಿತು. ಅದೇ ಪರಿಷತ್ತಿನ ಆಶ್ರಯದಲ್ಲಿ 1989ರಲ್ಲಿ ಬಂದ ಇಂಗ್ಲಿಷ್ ಸತ್ಯವೇದದ ಪರಿಷ್ಕೃತ ಅನುವಾದ ಮನುಷ್ಯರ ವಿಷಯದ ಮಾತುಗಳನ್ನಷ್ಟೇ ಸ್ತ್ರೀಪುರುಷರಿಬ್ಬರಿಗೂ ಒಪ್ಪುವಂತೆ ತಿದ್ದಿ, ದೇವರ ವಿಷಯದ ಮಾತುಗಳನ್ನು ಇದ್ದಂತೆಯೇ ಬಿಟ್ಟಿತು. ಎರಡನೆಯ ಈ ದಾರಿಯೇ ವಿವೇಕದ್ದೆಂದು ನನ್ನ ಅಭಿಪ್ರಾಯ.

ಆದರೆ ಆ ಭಾವನೆ ಈಚಿನದೂ ಅಲ್ಲ, ಪಶ್ಚಿಮದ್ದು ಮಾತ್ರವೂ ಅಲ್ಲ. ಕೇರಳದ ಪುರಾತನ ಸಭೆಗಳು ಆರಾಧನೆಯಲ್ಲಿ ಉಳಿಸಿಕೊಂಡ ಸುರಿಯಾನಿ ಭಾಷೆಯಲ್ಲಿ ಆತ್ಮ ಎಂಬ ಪದ ಸ್ತ್ರೀಲಿಂಗ. ಆ ಭಾಷೆಯಲ್ಲಿ ಬರೆದ ನಾಲ್ಕನೆಯ ಶತಮಾನದ ಅಫ್ರಹಾತ್ ಎಂಬ ಸನ್ಯಾಸಿ, ಮದುವೆಯಾಗದವನು ತನ್ನ ತಂದೆಯಾದ ದೇವರನ್ನೂ ತನ್ನ ತಾಯಿಯಾದ ಪವಿತ್ರಾತ್ಮವನ್ನೂ ಪ್ರೀತಿಸುತ್ತಾನೆ ಎಂದು ಯಾವ ಅಳುಕೂ ಇಲ್ಲದೆ ಬರೆದನು. ಹನ್ನೊಂದನೆಯ ಶತಮಾನದಲ್ಲಿ ಕ್ಯಾಂಟರ್ಬರಿಯ ಆನ್ಸೆಲ್ಮ್ ಕ್ರಿಸ್ತನನ್ನು ತಾಯಿ ಎಂದು ಪ್ರಾರ್ಥಿಸಿದ್ದುಂಟು. 1373ರ ಮೇ ತಿಂಗಳಲ್ಲಿ, ಮೂವತ್ತರ ಪ್ರಾಯದಲ್ಲಿ ಸಾಯುವ ಸ್ಥಿತಿ ತಲುಪಿದ್ದ ನಾರ್ವಿಚ್‌ನ ಜೂಲಿಯನ್ ಎಂಬ ಸ್ತ್ರೀ ಕ್ರಿಸ್ತನ ದರ್ಶನಗಳನ್ನು ಕಂಡಳು. ಆಮೇಲೆ ವರ್ಷಗಟ್ಟಲೆ ಅವುಗಳನ್ನು ಧ್ಯಾನಿಸಿ, ಯೇಸು ನಮ್ಮ ತಾಯಿ ಎಂದು ವಿಸ್ತಾರವಾಗಿ ಬರೆದಳು. ಅವಳು ತಂದೆ ಎಂಬ ಮಾತನ್ನು ಬಿಡಲಿಲ್ಲ, ದೇವರು ನಮಗೆ ತಂದೆಯಾಗಿರುವಷ್ಟೇ ನಿಜವಾಗಿ ತಾಯಿಯೂ ಆಗಿದ್ದಾರೆ ಎಂಬುದು ಅವಳ ವಾದ. 1978ರ ಸೆಪ್ಟೆಂಬರ್ 10ರಂದು ಪೋಪ್ ಒಂದನೆಯ ಜಾನ್ ಪಾಲ್, ಯೆಶಾಯನನ್ನು ನೆನೆದು, ದೇವರು ನಮ್ಮ ತಂದೆ, ಅದಕ್ಕಿಂತಲೂ ಹೆಚ್ಚಾಗಿ ತಾಯಿ ಎಂದರು. ಕಥೋಲಿಕ ಧರ್ಮೋಪದೇಶದ 239ನೆಯ ಪರಿಚ್ಛೇದ, ದೇವರು ಪುರುಷರೂ ಅಲ್ಲ, ಸ್ತ್ರೀಯೂ ಅಲ್ಲ, ದೇವರೇ ಎಂದು ನಿಚ್ಚಳವಾಗಿ ಹೇಳುತ್ತದೆ.

ನಿಮ್ಮ ಭಾಲ್ಕಿಗೆ ಮರಾಠಿ ದೂರದ ಮಾತಲ್ಲವಾದ್ದರಿಂದ ಇನ್ನೊಬ್ಬರ ಹೆಸರು ಹೇಳುತ್ತೇನೆ. ಮರಾಠಿ ಕವಿ ನಾರಾಯಣ ವಾಮನ ಟಿಳಕರು (1861–1919) ಕ್ರೈಸ್ತರಾದ ಮೇಲೂ ವಾರಕರಿಗಳ ಅಭಂಗದ ಧಾಟಿಯನ್ನು ಬಿಡದೆ, ಕ್ರಿಸ್ತನನ್ನು ತಾಯಿಯಂಥ ಗುರು ಎಂದು ಹಾಡಿದರು. ಪಂಢರಪುರಕ್ಕೆ ನಡೆದು ಹೋಗುವವರು ವಿಠ್ಠಲನನ್ನು ‘ಮಾವುಲಿ’ ಎನ್ನುವುದನ್ನು ಕೇಳಿ ಬೆಳೆದವರಿಗೆ ಗಂಡು ರೂಪದ ಇಷ್ಟದೈವವನ್ನು ತಾಯಿ ಎಂದು ಕರೆಯುವುದು ವಿಚಿತ್ರವೆನಿಸಲಿಲ್ಲ. ಟಿಳಕರಿಗೆ ಇದನ್ನು ಯಾವ ಪಾಶ್ಚಾತ್ಯ ಸ್ತ್ರೀವಾದಿಯೂ ಕಲಿಸಿರಲಿಲ್ಲ.

ಪ್ರಶ್ನೆ: ನಮ್ಮ ಸಭೆಯ ಉಪವಾಸ ಕೂಟಗಳಲ್ಲಿ ಒಬ್ಬರು ಬೆಳಕು ಕಂಡೆ ಎನ್ನುತ್ತಾರೆ, ಒಬ್ಬರು ಸ್ವರ ಕೇಳಿದೆ ಎನ್ನುತ್ತಾರೆ, ಒಬ್ಬರು ಅಳುತ್ತಾರೆ. ನನಗೆ ಏನೂ ಆಗುವುದಿಲ್ಲ. ನನ್ನ ವಿಶ್ವಾಸದಲ್ಲಿ ಕೊರತೆಯಿದೆಯೇ? ಅವರಿಗೆ ಆಗುವುದು ನಿಜವೋ ಕಲ್ಪನೆಯೋ ತಿಳಿಯುವುದು ಹೇಗೆ?
— ಯುವಕ, ಯಾದಗಿರಿ

ಉತ್ತರ: ಮೆಥೋಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋಗಿದ್ದರು. ಅಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ಅವರ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂಬುದು ಎಲ್ಲ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತಿರುವ ಕಥೆ. ಮುಂದಿನದನ್ನು ಯಾರೂ ಹೇಳುವುದಿಲ್ಲ. ಎಂಟು ತಿಂಗಳು ತುಂಬುವುದರೊಳಗೆ, 1739ರ ಜನವರಿಯಲ್ಲಿ, ನಾನು ಈಗ ಕ್ರೈಸ್ತನಲ್ಲ, ದೇವರ ಮೇಲಿನ ಪ್ರೀತಿ ನನ್ನಲ್ಲಿಲ್ಲ ಎಂದು ಅದೇ ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡರು. ಅವರ ಉಪದೇಶದ ಕೆಲಸ ಮಾತ್ರ ನಿಲ್ಲಲಿಲ್ಲ. ಕೋಲ್ಕತ್ತಾದ ಮದರ್ ತೆರೇಸಾ ದಶಕಗಳ ಕಾಲ ಪ್ರಾರ್ಥನೆಯಲ್ಲಿ ಬರೀ ಕತ್ತಲನ್ನೇ ಕಂಡರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಹೊರಬಂತು. ಏನೂ ಅನಿಸದಿರುವುದು ವಿಶ್ವಾಸವಿಲ್ಲದಿರುವುದಕ್ಕೆ ಗುರುತಲ್ಲ.

ಎರಡನೆಯ ಪ್ರಶ್ನೆಗೆ ಪೌಲನು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರಿಕೆಯ ಕೊನೆಯಲ್ಲಿ ಎರಡು ಮಾತುಗಳನ್ನು ಬೆನ್ನುಬೆನ್ನಿಗೆ ಹೇಳುತ್ತಾನೆ: ಆತ್ಮವನ್ನು ನಂದಿಸಬೇಡಿ, ಎಲ್ಲವನ್ನೂ ಪರೀಕ್ಷಿಸಿರಿ. ಪರೀಕ್ಷೆಗೆ ಬೇಕಾಗುವುದು ಕಾಲ. ಬೆಳಕು ಕಂಡವರು ಮನೆಯಲ್ಲಿ ಹೆಂಡತಿಯೊಂದಿಗೆ, ಸೊಸೆಯೊಂದಿಗೆ, ಕೂಲಿಯವರೊಂದಿಗೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಒಂದು ವರ್ಷ ನೋಡಿ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಆತ್ಮದ ಫಲಗಳ ಪಟ್ಟಿಯಿದೆ, ಅದರಲ್ಲಿ ಬೆಳಕೂ ಸ್ವರವೂ ಇಲ್ಲ. ಇನ್ನೊಂದು ಗುರುತು, ಅನುಭವ ಹೊಂದಿದವರು ಅದನ್ನು ಬಳಸುವ ಬಗೆ. ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟದ್ದನ್ನು ಪೌಲನು ಕೊರಿಂಥದವರಿಗೆ ಬರೆದದ್ದು ಹದಿನಾಲ್ಕು ವರ್ಷಗಳ ಬಳಿಕ, ಅದೂ ಬೇರೆ ಯಾರದೋ ಕಥೆಯೆಂಬಂತೆ. ಹುಮನಾಬಾದ್ ಕಡೆಯ ತಾಯಿಗೆ ಹೇಳಿದ ಮಾತನ್ನು ನಿಮಗೂ ಹೇಳಬೇಕು: ಅವರ ಅನುಭವ ನಿಮಗೆ ಅಳತೆಗೋಲಲ್ಲ, ನಿಮ್ಮ ಮೌನ ಅವರಿಗೆ ಅಳತೆಗೋಲಲ್ಲ.

ಪ್ರಶ್ನೆ: ನಾನು ಕಥೋಲಿಕಳು, ಕಾಲೇಜು ವಿದ್ಯಾರ್ಥಿನಿ. ಭಾನುವಾರ ಬಲಿಪೂಜೆಯಲ್ಲಿ ವಾಚನ ಓದುವ ಸರದಿ ನನಗೆ ಬರುತ್ತದೆ. ಎದುರಿಗೆ ಹೆಂಗಸರೇ ಹೆಚ್ಚಾಗಿ ಕೂತಿರುವಾಗ ‘ಸಹೋದರರೇ’ ಎಂದು ಓದುವುದು ಮುಜುಗರ ತರುತ್ತದೆ. ‘ಸಹೋದರ ಸಹೋದರಿಯರೇ’ ಎಂದು ಓದಬಹುದೇ?
— ಓದುಗಿ, ಕಲಬುರಗಿ

ಉತ್ತರ: ಅರ್ಥದ ದೃಷ್ಟಿಯಿಂದ ನೀವು ಸರಿ. ಪೌಲನ ಗ್ರೀಕಿನಲ್ಲಿ ಬಹುವಚನದ ಆ ಪದ ಇಡೀ ಸಭೆಗೆ ಸಲ್ಲುತ್ತಿತ್ತು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಸಹೋದರರೇ ಎಂದು ಕರೆದ ಮರುವಾಕ್ಯದಲ್ಲೇ ಅವನು ಹೆಸರಿಡಿದು ಬೇಡಿಕೊಳ್ಳುವುದು ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರನ್ನು. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯ ಶುರುವಾಗುವುದೇ ಕೆಂಖ್ರೆಯ ಸಭೆಯ ಸೇವಕಿಯಾದ ಸಹೋದರಿ ಫೊಯಿಬೆಯ ಪರಿಚಯದಿಂದ. ಅಂದು ಕೇಳಿದ ಹೆಂಗಸರು ತಾವೂ ಸೇರಿದ್ದೇವೆ ಎಂದು ತಿಳಿದರು. ಇಂದು ನಿಮ್ಮ ಮುಂದೆ ಕೂತವರಿಗೆ ಹಾಗೆ ಅನಿಸದಿದ್ದರೆ ಅನುವಾದ ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ. ಆದರೂ ಪೂಜೆಯಲ್ಲಿ ಓದುವ ಪಾಠ ಧರ್ಮಸಭೆಯ ಮಂಜೂರಾತಿ ಪಡೆದದ್ದು. ಅದನ್ನು ಓದುವವರು ತಮಗೆ ತೋಚಿದಂತೆ ಬದಲಿಸುವುದು ಸರಿಯಲ್ಲ. ನಿಮ್ಮ ಗುರುಗಳನ್ನು ಮೊದಲು ಕೇಳಿ. ಬೀದರ್, ಕಲಬುರಗಿ, ಯಾದಗಿರಿಗಳನ್ನು ಒಳಗೊಂಡ ಕಲಬುರಗಿ ಧರ್ಮಪ್ರಾಂತ್ಯ ಹುಟ್ಟಿದ್ದು 2005ರಲ್ಲಿ. ಇಂಥ ಸಲಹೆಯನ್ನು ಕೊಡಲು ಈಗ ಬಹಳ ದೂರ ಹೋಗಬೇಕಾಗಿಲ್ಲ. ವಿಶ್ವಾಸಿಗಳ ಪ್ರಾರ್ಥನೆ, ಪ್ರಕಟಣೆ, ಸ್ವಾಗತದ ಮಾತು ಇವುಗಳಲ್ಲಿ ಮಾತ್ರ ಇಂದಿನಿಂದಲೇ ‘ಸಹೋದರ ಸಹೋದರಿಯರೇ’ ಎನ್ನಲು ಯಾವ ಅಡ್ಡಿಯೂ ಇಲ್ಲ.

ಒಂದು ವಿಷಯವನ್ನು ನೀವು ಗಮನಿಸಿರಬಹುದು. ನಮ್ಮ ಪ್ರಾಟೆಸ್ಟೆಂಟ್ ಸಭೆಗಳು ಓದುವ ಹಳೆಯ ಸತ್ಯವೇದದ ಮೊದಲ ವಾಕ್ಯದಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ‘ಉಂಟುಮಾಡಿದನು’. ನೀವು ಓದುವ ಈಚಿನ ಅನುವಾದದಲ್ಲಿ ‘ಸೃಷ್ಟಿಮಾಡಿದರು’. ಗೌರವಕ್ಕಾಗಿ ಬಳಸಿದ ಬಹುವಚನದಿಂದ ಗಂಡೆಂಬ ಗುರುತು ತಾನಾಗಿಯೇ ಅಳಿದುಹೋಯಿತು. ಇಂಗ್ಲಿಷಿನವರು ದಶಕಗಳಿಂದ ಜಗಳಾಡುತ್ತಿರುವ ಒಂದು ತೊಡಕು ಇಲ್ಲಿ ಸದ್ದಿಲ್ಲದೆ ಬಿಚ್ಚಿಕೊಂಡಿದೆ. ‘ಆತನು’ ಎಂಬ ಮಾತಿನೊಂದಿಗೆ ಬೆಳೆದ ನನ್ನಂಥವರಿಗೆ ‘ಅವರು’ ಎನ್ನುವಾಗ ದೇವರು ಸ್ವಲ್ಪ ದೂರ ಸರಿದಂತೆ ಅನಿಸುವುದೂ ಉಂಟು. ಆದರೂ ಈ ಅಂಕಣದಲ್ಲಿ ನಾನು ‘ಅವರು’ ಎಂದೇ ಬರೆಯುತ್ತಿದ್ದೇನೆ.

ಪ್ರಶ್ನೆ: ಸಭೆಯ ಯುವಜನರು ‘ಸೃಷ್ಟಿಕರ್ತ, ವಿಮೋಚಕ, ಪೋಷಕರ ಹೆಸರಿನಲ್ಲಿ’ ದೀಕ್ಷಾಸ್ನಾನ ಕೊಡಬಹುದೇ ಎಂದು ಕೇಳುತ್ತಿದ್ದಾರೆ.
— ಸಭಾಪಾಲಕರು, ಶಹಾಬಾದ್

ಉತ್ತರ: ಕೊಡಬಾರದು. ಮತ್ತಾಯನ 28ನೆಯ ಅಧ್ಯಾಯದ ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಎಂಬ ಮಾತನ್ನೇ ಬಳಸಬೇಕು. ಕಥೋಲಿಕ ಧರ್ಮಸಭೆ 2008ರಲ್ಲಿ ಅಂಥ ಸೂತ್ರದ ದೀಕ್ಷಾಸ್ನಾನ ಸಿಂಧುವಲ್ಲವೆಂದು ತೀರ್ಪು ಕೊಟ್ಟಿದೆ. ಒಂದು ಸಭೆಯ ದೀಕ್ಷಾಸ್ನಾನವನ್ನು ಇನ್ನೊಂದು ಸಭೆ ಮಾನ್ಯಮಾಡುವ ವ್ಯವಸ್ಥೆ ನಿಂತಿರುವುದೂ ಇದೇ ಸೂತ್ರದ ಮೇಲೆ. ಸೃಷ್ಟಿ, ವಿಮೋಚನೆ, ಪೋಷಣೆಗಳು ತ್ರಯೇಕ ದೇವರು ಮಾಡುವ ಕಾರ್ಯಗಳು. ತಂದೆ, ಮಗ, ಪವಿತ್ರಾತ್ಮ ಎಂಬುವು ಅವರೊಳಗಿನ ಸಂಬಂಧದ ಹೆಸರುಗಳು. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಆದರೆ ಆ ಯುವಜನರನ್ನು ಗದರಬೇಡಿ. ಪ್ರಸಂಗದಲ್ಲಿ, ಹಾಡಿನಲ್ಲಿ, ಆಶೀರ್ವಾದದ ಮುಂಚಿನ ಪ್ರಾರ್ಥನೆಯಲ್ಲಿ ಅವರು ಕೇಳುವ ಹೆಸರುಗಳಿಗೆ ಬೇಕಾದಷ್ಟು ಜಾಗವಿದೆ.

ಪ್ರಶ್ನೆ: ನಮ್ಮಪ್ಪ ಕುಡಿದು ಬಂದು ಅವ್ವನನ್ನೂ ನಮ್ಮನ್ನೂ ಹೊಡೆಯುತ್ತಿದ್ದರು. ದೇವರನ್ನು ‘ತಂದೆ’ ಎನ್ನುವಾಗ ನನಗೆ ಆ ಮುಖವೇ ಎದುರು ಬರುತ್ತದೆ. ಸಭೆಯಲ್ಲಿ ಎಲ್ಲರೂ ಹೇಳುವಾಗ ನಾನು ಬಾಯಿ ಆಡಿಸಿ ಸುಮ್ಮನಾಗುತ್ತೇನೆ.
— ಹೆಸರು, ಊರು ಬೇಡ

ಉತ್ತರ: ಸುಮ್ಮನಾಗುವುದರಿಂದ ನೀವು ಪಾಪ ಮಾಡುತ್ತಿಲ್ಲ. ಸುತ್ತಲಿನ ಸಭೆ ಆ ಮಾತನ್ನು ನಿಮ್ಮ ಪರವಾಗಿಯೂ ಹೇಳುತ್ತಿದೆ ಎಂದು ತಿಳಿಯಿರಿ. ಯೇಸುಸ್ವಾಮಿ ತೋರಿಸಿದ ತಂದೆ ಭೂಮಿಯ ಅಪ್ಪಂದಿರ ದೊಡ್ಡ ಪ್ರತಿ ಅಲ್ಲ. ಭೂಮಿಯ ಮೇಲೆ ಯಾರನ್ನೂ ನಿಮ್ಮ ತಂದೆ ಎಂದು ಕರೆಯಬೇಡಿರಿ, ನಿಮಗೆ ತಂದೆ ಒಬ್ಬರೇ ಎಂದು ಅವರು ಮತ್ತಾಯನ 23ನೆಯ ಅಧ್ಯಾಯದಲ್ಲಿ ಹೇಳುವುದನ್ನು ನಿಮ್ಮಂಥವರ ಪರವಾದ ಮಾತೆಂದೇ ನಾನು ಓದುತ್ತೇನೆ. ಆದರೆ ಇದನ್ನು ಬುದ್ಧಿಗೆ ತಿಳಿಸಿದ ಮಾತ್ರಕ್ಕೆ ಮೈಯೊಳಗಿನ ಹೆದರಿಕೆ ಹೋಗುವುದಿಲ್ಲವೆಂದೂ ಬಲ್ಲೆ.

ಅದಕ್ಕೇ ಸತ್ಯವೇದದಲ್ಲಿ ಹೆಸರುಗಳು ಹಲವಿವೆ. ಸಾರಾಳ ಕಾಟ ತಾಳಲಾರದೆ, ಬಸುರಿಯಾಗಿ ಅರಣ್ಯಕ್ಕೆ ಓಡಿಹೋದ ದಾಸಿ ಹಾಗರಳಿಗೆ ದೇವರು ನೀರಿನ ಬುಗ್ಗೆಯ ಬಳಿ ಕಾಣಿಸಿಕೊಂಡಾಗ ಅವಳು ಅವರನ್ನು ತಂದೆ ಎನ್ನಲಿಲ್ಲ, ಒಡೆಯ ಎನ್ನಲಿಲ್ಲ. ನನ್ನನ್ನು ನೋಡುವ ದೇವರು ಎಂದು ತಾನೇ ಒಂದು ಹೆಸರಿಟ್ಟಳು (ಆದಿಕಾಂಡ 16:13). ಸತ್ಯವೇದದಲ್ಲಿ ದೇವರಿಗೆ ಹೆಸರಿಟ್ಟ ಮೊದಲ ಮನುಷ್ಯಳು ಮನೆಯಲ್ಲಿ ಪೆಟ್ಟು ತಿಂದ ಒಬ್ಬ ಹೆಣ್ಣಾಳು ಎಂಬುದನ್ನು ನಮ್ಮ ಪ್ರಸಂಗಗಳು ಮರೆಯುತ್ತವೆ. ಬಂಡೆ, ಆಶ್ರಯ, ಬೆಳಕು, ಕುರುಬ, ಇವುಗಳಲ್ಲಿ ಯಾವುದು ನಿಮಗೆ ಉಸಿರಾಡಲು ಬಿಡುತ್ತದೋ ಅದರಿಂದ ಪ್ರಾರ್ಥಿಸಿ. ತಾಯಿ ಎಂಬ ಹೆಸರೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳಲಾರೆ, ಏಕೆಂದರೆ ತಾಯಿಯಿಂದ ನೊಂದವರೂ ಇದ್ದಾರೆ; ತಂದೆತಾಯಿಗಳಿಬ್ಬರೂ ಕೈಬಿಟ್ಟರೂ ಎಂದು 27ನೆಯ ಕೀರ್ತನೆ ಹಾಡುವುದು ಅವರಿಗಾಗಿ. ಮನೆಯಲ್ಲಿ ಹೊಡೆತ ಈಗಲೂ ನಡೆಯುತ್ತಿದ್ದರೆ ಪ್ರಾರ್ಥನೆಯೊಂದಿಗೆ ಮಹಿಳಾ ಸಹಾಯವಾಣಿ 181ಕ್ಕೆ, ಮಕ್ಕಳಿದ್ದರೆ 1098ಕ್ಕೆ ಕರೆ ಮಾಡಿ. ಕುಟುಂಬದ ಮಾನ ಹೋಗುತ್ತದೆ, ಸಹಿಸಿಕೋ ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ ಆ ಸಲಹೆಯನ್ನು ಕೇಳಬೇಡಿ.

ಪ್ರಶ್ನೆ: ನಮ್ಮ ಸಭೆಗೆ ಕೆಲವು ತಿಂಗಳಿಂದ ಮಂಗಳಮುಖಿಯೊಬ್ಬರು ಬರುತ್ತಿದ್ದಾರೆ. ‘ಸಹೋದರ ಸಹೋದರಿಯರೇ’ ಎಂದರೂ ಅವರು ಹೊರಗುಳಿಯುತ್ತಾರೆ. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುತ್ತಾರೆ. ಅವರು ಬಾಗಿಲ ಬಳಿ ನಿಲ್ಲುತ್ತಾರೆ. ಏನು ಮಾಡಬೇಕು?
— ಸಭೆಯ ಕಾರ್ಯದರ್ಶಿ, ಸುರಪುರ ತಾಲ್ಲೂಕು

ಉತ್ತರ: ಸಭೆಯ ಕಾರ್ಯದರ್ಶಿಯೊಬ್ಬರು ಇದನ್ನು ಕಂಡು ಬರೆದದ್ದೇ ನನಗೆ ಸಂತೋಷ ತಂದಿದೆ. ಯೆಶಾಯನ 56ನೆಯ ಅಧ್ಯಾಯದಲ್ಲಿ ದೇವರು ನಪುಂಸಕರಿಗೆ ತಮ್ಮ ಆಲಯದೊಳಗೆ ಗಂಡುಹೆಣ್ಣು ಮಕ್ಕಳಿಗಿಂತಲೂ ಮೇಲಾದ ಹೆಸರನ್ನು ಕೊಡುವ ಮಾತು ಕೊಡುತ್ತಾರೆ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪ್ಯದ ಕಂಚುಕಿಯು, ಎಂದರೆ ನಪುಂಸಕನಾದ ಅಧಿಕಾರಿಯು, ರಥದಲ್ಲಿ ಕೂತು ಓದುತ್ತಿದ್ದದ್ದು ಅದೇ ಯೆಶಾಯನನ್ನು, ಮೂರು ಅಧ್ಯಾಯ ಹಿಂದಿನ ಭಾಗವನ್ನು. ನೀರು ಕಂಡೊಡನೆ, ನನಗೆ ದೀಕ್ಷಾಸ್ನಾನವಾಗಲು ಅಡ್ಡಿಯೇನು ಎಂದು ಅವನು ಕೇಳಿದಾಗ ಫಿಲಿಪ್ಪನು ಯಾವ ಅಡ್ಡಿಯನ್ನೂ ಹೇಳಲಿಲ್ಲ. ಈ ವಿಷಯದಲ್ಲಿ ನಿಮ್ಮ ಜಿಲ್ಲೆಗೆ ಅದರದೇ ಒಂದು ಹಿರಿಮೆಯೂ ಇದೆ. ನಿಮ್ಮಿಂದ ದೂರವಿಲ್ಲದ ಮುದನೂರಿನ ಜೇಡರ ದಾಸಿಮಯ್ಯನವರು, ಮೈಯ ಗುರುತು ನೋಡಿ ಹೆಣ್ಣೆಂದೂ ಗಂಡೆಂದೂ ಕರೆಯುತ್ತಾರೆ, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ಸುಮಾರು ಸಾವಿರ ವರ್ಷದ ಹಿಂದೆಯೇ ವಚನದಲ್ಲಿ ಹೇಳಿದ್ದಾರೆ. 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಮಂಗಳಮುಖಿಯರಿಗೆ ಮಾನ್ಯಮಾಡಿತು.

ಮಾತಿನ ತೊಡಕು ಸುಲಭದ್ದು. ‘ಪ್ರಿಯರೇ’, ‘ದೇವರ ಮಕ್ಕಳೇ’ ಎಂದರೆ ಎಲ್ಲರೂ ಬಂದರು. ಯೋಹಾನನ ಪತ್ರಿಕೆಗಳು ಹಾಗೆಯೇ ಕರೆಯುತ್ತವೆ. ಅವರ ವಿಷಯ ಮಾತಾಡುವಾಗ, ಅವರು ಎದುರಿಗಿಲ್ಲದಿದ್ದರೂ, ‘ಅವರು’ ಎನ್ನಿರಿ. ಕಷ್ಟವಿರುವುದು ಕೂರುವ ಜಾಗದಲ್ಲಿ. ಅದನ್ನು ಕಮಿಟಿಯಲ್ಲಿಟ್ಟು ಚರ್ಚೆಗೆ ಬಿಡಬೇಡಿ, ಅವರು ಸಭೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಮುಂದಿನ ಭಾನುವಾರ ಆರಾಧನೆಗೆ ಮೊದಲು ಮಹಿಳಾ ಸಂಘದ ಹಿರಿಯ ತಾಯಿಯೊಬ್ಬರು ಅವರ ಬಳಿ ಹೋಗಿ, ಯಾವ ಕಡೆ ಕೂರಲು ಇಷ್ಟ, ಯಾವ ಹೆಸರಿನಿಂದ ಕರೆಯಬೇಕು ಎಂದು ಕೇಳಲಿ. ಅವರು ಹೆಂಗಸರ ಕಡೆ ಎಂದರೆ ತಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಜಾಗ ಮಾಡಿಕೊಡಲಿ. ಕರ್ತನ ಭೋಜನದ ದಿನ ರೊಟ್ಟಿ, ದ್ರಾಕ್ಷಾರಸಕ್ಕೆ ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬ ಕ್ರಮ ನಿಮ್ಮಲ್ಲಿದ್ದರೆ ಅದನ್ನು ಬಿಟ್ಟು, ಸಾಲುಸಾಲಾಗಿ ಕೂತವರು ಕೂತಂತೆಯೇ ಎದ್ದು ಬರುವ ಏರ್ಪಾಡು ಮಾಡಲು ನಿಮ್ಮ ಸಭಾಪಾಲಕರನ್ನು ಕೇಳಿ.